ಎಲ್‌ಎಲ್‌ಆರ್ ‘ಮಾಡಿಸಬೇಡಿ’, ಬರೆಯಿರಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಕಡೆ ಸೈಬರ್ ಸೆಂಟರ್‌ಗಳ ಮುಂದೆ ಎರಡು ಥರದ ಹುಡುಗರು ಕಾಣುತ್ತಾರೆ. ಡಿಗ್ರಿಗೆ ಅರ್ಜಿ ಹಾಕುವವರು ಒಂದು ಕಡೆ, ಹದಿನೆಂಟು ತುಂಬಿತು ಅಂತ ಎಲ್‌ಎಲ್‌ಆರ್ ಮಾಡಿಸಲು ಬಂದವರು ಇನ್ನೊಂದು ಕಡೆ. ‘ಮಾಡಿಸಲು’ ಎಂಬ ಮಾತನ್ನು ಗಮನಿಸಿ. ಎಲ್‌ಎಲ್‌ಆರ್ ಬರೆಯಲು ಹೋಗುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಜಾತಿ ಸರ್ಟಿಫಿಕೇಟ್, ರೇಷನ್ ಕಾರ್ಡ್ ಮಾಡಿಸಿದ ಹಾಗೆಯೇ ಇದೂ. ಆಧಾರ್ ಕೊಟ್ಟು, ಓಟಿಪಿ ಹೇಳಿ, ಕೇಳಿದಷ್ಟು ದುಡ್ಡು ಎಣಿಸಿದರೆ ಆಯಿತು. ನಡುವೆ ಒಂದು ಪರೀಕ್ಷೆ ಇತ್ತು ಎನ್ನುವುದೇ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಉತ್ತರ ಒತ್ತಿದ್ದು ಬೇರೆಯವರ ಬೆರಳು.

ನನ್ನ ತಕರಾರು ಇರುವುದು ಇಲ್ಲೇ. ಬ್ರೋಕರ್ ದುಡ್ಡು ತಿಂದ ಎನ್ನುವುದು ಸಣ್ಣ ಮಾತು. ಹಳ್ಳಿಯಲ್ಲಿ ಬೈಕ್ ಓಡಿಸುವವನಿಗೆ ರಸ್ತೆಯ ನಿಯಮವನ್ನು ಯಾರಾದರೂ ಹೇಳಿಕೊಡುವ ಒಂದೇ ಒಂದು ಸಂದರ್ಭ ಈ ಪರೀಕ್ಷೆ. ಕಾರು ಕಲಿಯುವವರಿಗೆ ತಾಲ್ಲೂಕಿನಲ್ಲಿ ಡ್ರೈವಿಂಗ್ ಸ್ಕೂಲ್ ಇದೆ. ಬೈಕಿಗೆ ಏನಿದೆ? ಕೆರೆ ಅಂಗಳದಲ್ಲಿ ಅಣ್ಣನೋ ಮಾವನೋ ಹಿಂದೆ ಕೂತು ಕ್ಲಚ್, ಗೇರು, ಬ್ರೇಕು ಹೇಳಿಕೊಡುತ್ತಾರೆ. ಎರಡು ದಿನಕ್ಕೆ ಗಾಡಿ ಬ್ಯಾಲೆನ್ಸ್ ಸಿಗುತ್ತದೆ. ಕ್ರಾಸಿನಲ್ಲಿ ಯಾರು ಮೊದಲು ಹೋಗಬೇಕು, ಡಿಪ್ ಯಾವಾಗ ಹಾಕಬೇಕು, ಯಾರಿಗಾದರೂ ಗುದ್ದಿದರೆ ಏನು ಮಾಡಬೇಕು ಎನ್ನುವುದನ್ನು ಅಣ್ಣನಿಗೂ ಯಾರೂ ಹೇಳಿಕೊಟ್ಟಿಲ್ಲ, ಅವನು ತಮ್ಮನಿಗೆ ಏನು ಹೇಳಿಯಾನು?

ಪರೀಕ್ಷೆ ಅಂದರೆ ಹೆದರುವಂಥದ್ದು ಏನೂ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೇ ನಿಯಮ ಇದಕ್ಕಾಗಿಯೇ ಇದೆ. ಏನೇನು ಕೇಳಬೇಕು ಎಂದು ಅಲ್ಲೇ ಬರೆದಿದ್ದಾರೆ: ರಸ್ತೆ ಚಿಹ್ನೆ ಮತ್ತು ಸಿಗ್ನಲ್‌ಗಳು, ರಸ್ತೆ ನಿಯಮಗಳು, ಅಪಘಾತವಾದಾಗ ಡ್ರೈವರ್‌ನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟ್ ದಾಟುವಾಗಿನ ಎಚ್ಚರ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು. ನೂರಕ್ಕೆ ಅರವತ್ತರಷ್ಟು ಸರಿ ಉತ್ತರ ಕೊಟ್ಟರೆ ಪಾಸ್. ಕನ್ನಡದಲ್ಲೇ ಬರೆಯಬಹುದು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ಒಂದು ವಾರದ ಸಂಜೆಗಳು ಸಾಕು.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಲು ಹೊರಟರೆ ತಲೆಕೆಡುತ್ತದೆ. ಮೊದಲು ಆಕಾರ ನೋಡಿ. ಕೆಂಪು ಅಂಚಿನ ತ್ರಿಕೋನ ಇದ್ದರೆ ಮುಂದೆ ಏನೋ ಇದೆ, ಹುಷಾರು ಎಂದು. ತಿರುವು, ಹಂಪ್, ಶಾಲೆ ಮಕ್ಕಳು, ದನ. ಹೌದು, ದನದ ಚಿತ್ರದ ಬೋರ್ಡೂ ಇದೆ. ಕೆಂಪು ಅಂಚಿನ ವೃತ್ತ ಇದ್ದರೆ ಸಾಮಾನ್ಯವಾಗಿ ‘ಮಾಡಬೇಡ’ ಅಥವಾ ‘ಇಷ್ಟಕ್ಕಿಂತ ಹೆಚ್ಚು ಬೇಡ’ ಎಂದು. ನೀಲಿ ವೃತ್ತ ‘ಹೀಗೇ ಮಾಡು’ ಎನ್ನುತ್ತದೆ. ನೀಲಿ ಚೌಕ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್. ಎಂಟು ಮೂಲೆಯ ಕೆಂಪು ಬೋರ್ಡ್ ಎಂದರೆ ಪೂರಾ ನಿಲ್ಲು. ತಲೆಕೆಳಗಾದ ತ್ರಿಕೋನ ಎಂದರೆ ಎದುರು ರಸ್ತೆಯವರಿಗೆ ದಾರಿ ಬಿಡು. ಇಷ್ಟು ಗೊತ್ತಿದ್ದರೆ ನೋಡದ ಬೋರ್ಡ್ ಬಂದರೂ ಅರ್ಧ ಉತ್ತರ ಕೈಯಲ್ಲಿ ಇದ್ದ ಹಾಗೆ.

ನಮ್ಮವರು ಎಡವುವುದು ಚಿಹ್ನೆಗಿಂತ ಹೆಚ್ಚಾಗಿ ಭಾಷೆಯಲ್ಲಿ. ನಾವು ಓವರ್‌ಟೇಕ್ ಎನ್ನುತ್ತೇವೆ, ಸರ್ಕಾರಿ ಕನ್ನಡ ‘ಹಿಂದಿಕ್ಕುವುದು’ ಎನ್ನುತ್ತದೆ. ನಡೆದುಕೊಂಡು ಹೋಗುವವರು ‘ಪಾದಚಾರಿಗಳು’ ಆಗುತ್ತಾರೆ, ದಾರಿ ಬಿಡುವುದು ‘ಆದ್ಯತೆ ನೀಡುವುದು’ ಆಗುತ್ತದೆ. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಹಿರಿಯರು ಈ ಶಬ್ದಗಳ ಮುಂದೆ ತಬ್ಬಿಬ್ಬಾಗುತ್ತಾರೆ. ರಸ್ತೆ ಅವರಿಗೆ ಗೊತ್ತು, ಪ್ರಶ್ನೆ ಗೊತ್ತಾಗುವುದಿಲ್ಲ. ಅವರಿಗೆ ಬೇಕಾಗಿರುವುದು ಮುಂಚೆಯೇ ಪಕ್ಕದಲ್ಲಿ ಕೂತು, ‘ಮಾವ, ಇದು ಹೀಗೆ ಕೇಳ್ತಾ ಇದೆ’ ಎಂದು ಬಿಡಿಸಿ ಹೇಳುವವರು. ಪರೀಕ್ಷೆ ದಿನ ಉತ್ತರ ಒತ್ತಿ ಕೊಡುವವರಲ್ಲ.

ಈಗ ಪ್ರಶ್ನೆಗಳನ್ನೇ ನೋಡಿ. ಅವು ಬೆಂಗಳೂರಿನ ಸಿಗ್ನಲ್‌ಗಾಗಿ ಮಾಡಿದವು, ನಮಗಲ್ಲ ಎಂಬ ಮಾತು ಕೇಳಿದ್ದೇನೆ. ಒಪ್ಪುವುದಿಲ್ಲ. ಸಣ್ಣ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವವರು ದೊಡ್ಡ ರಸ್ತೆಯ ಗಾಡಿಗಳಿಗೆ ದಾರಿ ಬಿಡಬೇಕು ಎನ್ನುವುದು ಯಾರಿಗೆ ಹೇಳಿದ ನಿಯಮ? ಹಿರಿಯೂರಿನಿಂದ ಚಿತ್ರದುರ್ಗದವರೆಗೆ 48ನೇ ಹೆದ್ದಾರಿಯ ಎರಡೂ ಬದಿಯ ಹಳ್ಳಿಗಳವರಿಗೆ. ಊರಿನ ರಸ್ತೆಯಿಂದ ಹಾಲಿನ ಕ್ಯಾನ್ ಕಟ್ಟಿಕೊಂಡು ಸೀದಾ ಹೆದ್ದಾರಿಗೆ ನುಗ್ಗುವವರು ನಾವು. ಅರ್ಧ ಕಿಲೋಮೀಟರ್ ಸುತ್ತುವುದು ಯಾಕೆ ಎಂದು ಎದುರು ದಿಕ್ಕಿನಲ್ಲಿ ಬರುವವರೂ ನಾವೇ. ಬೋರ್ಡ್, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಘಾಟಿಯಲ್ಲಿ, ಕಿರಿದಾದ ಏರು ರಸ್ತೆಯಲ್ಲಿ ಎದುರುಬದುರಾದರೆ ಏರು ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಎದುರಿಗೆ ಗಾಡಿ ಬರುವಾಗ ಲೈಟ್ ಡಿಪ್ ಮಾಡಬೇಕು. ಇವೆಲ್ಲ ಸಿಗ್ನಲ್ಲೇ ಇಲ್ಲದ ಊರಿನ ನಿಯಮಗಳು.

ಪರೀಕ್ಷೆಯಲ್ಲಿ ಕೊರತೆ ಇಲ್ಲ ಎಂದೇನೂ ಹೇಳುತ್ತಿಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟ್‌ಗಳನ್ನೆಲ್ಲ ರೈಲ್ವೆ 2019ರ ಹೊತ್ತಿಗೇ ತೆಗೆದುಹಾಕಿದೆ. ನಿಯಮದ ಪಟ್ಟಿಯಲ್ಲಿ ಮಾತ್ರ ಆ ಗೇಟ್ ಹಾಗೇ ನಿಂತಿದೆ. ಟಾರು ರಸ್ತೆಯ ಮೇಲೆ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುವಲ್ಲಿ ಬೈಕ್ ಹೇಗೆ ಓಡಿಸಬೇಕು ಎಂದು ಯಾರೂ ಕೇಳುವುದಿಲ್ಲ. ರಾತ್ರಿ ಕೆಟ್ಟು ನಿಂತ ಟ್ರೇಲರ್ ಹಿಂದೆ ಹೊಳೆಯುವ ತ್ರಿಕೋನ ಇಡುವ ಬದಲು ಸೊಪ್ಪು, ಕಲ್ಲು ಇಟ್ಟು, ಬೆಳಿಗ್ಗೆ ಕಲ್ಲು ಅಲ್ಲೇ ಬಿಟ್ಟು ಹೋಗುವವರಿಗೂ ಒಂದು ಪ್ರಶ್ನೆ ಬೇಕಿತ್ತು. ಪ್ರಶ್ನೆ ಬರೆಯುವವರು ಒಮ್ಮೆ ಸುಗ್ಗಿ ಕಾಲದಲ್ಲಿ ನಮ್ಮ ಕಡೆ ಬಂದು ಹೋಗಲಿ.

ಆದರೂ ಆ ಪಟ್ಟಿಯಲ್ಲಿರುವ ಒಂದು ಪ್ರಶ್ನೆಗಾಗಿಯಾದರೂ ಎಲ್ಲರೂ ಈ ಪರೀಕ್ಷೆ ಬರೆಯಬೇಕು: ಅಪಘಾತವಾದರೆ ಡ್ರೈವರ್ ಏನು ಮಾಡಬೇಕು? ಊರಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ‘ಮೊದಲು ಅಲ್ಲಿಂದ ತಪ್ಪಿಸ್ಕೋ, ಜನ ಹೊಡೀತಾರೆ’. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುವುದು ಬೇರೆ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಲು ಆದದ್ದೆಲ್ಲ ಮಾಡಬೇಕು. ಜನರ ಸಿಟ್ಟಿನಿಂದಾಗಿ ಅದು ಸಾಧ್ಯವೇ ಇಲ್ಲದಿದ್ದರೆ ಎಂಬ ವಿನಾಯಿತಿಯನ್ನು ಕಾಯ್ದೆಯೇ ಕೊಟ್ಟಿದೆ, ಅಂದರೆ ಬರೆದವರಿಗೂ ನಮ್ಮ ಜನ ಗೊತ್ತು. ಹಾಗಂತ ಕಣ್ಮರೆಯಾಗುವ ಹಾಗಿಲ್ಲ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಲೇಬೇಕು. ದಾರಿಹೋಕರು ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದರೆ ಅವರ ಮೇಲೆ ಕೇಸು ಬೀಳದಂತೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿಸಿದ್ದಾರೆ. ಇದು ತಿಳಿದ ಇಬ್ಬರು ಹುಡುಗರು ಊರಿನಲ್ಲಿದ್ದರೆ, ರಸ್ತೆ ಬದಿ ಬಿದ್ದವರ ವಿಡಿಯೊ ತೆಗೆಯುವ ಬದಲು ಆಟೊ ಹುಡುಕುತ್ತಾರೆ.

ಎಲ್‌ಎಲ್‌ಆರ್ ಕೈಗೆ ಬಂದ ಮೇಲಿನ ಕಥೆಯನ್ನೂ ಹೇಳಬೇಕು. ಅದು ಬಂದರೆ ಲೈಸೆನ್ಸ್ ಬಂದ ಹಾಗೆ ಎಂದೇ ಹುಡುಗರ ನಂಬಿಕೆ. ಅಂದೇ ಇಬ್ಬರನ್ನು ಕೂರಿಸಿಕೊಂಡು ಜಾತ್ರೆಗೆ. ನಿಯಮದ ಪ್ರಕಾರ ಕಲಿಯುವವನ ಜೊತೆ ಆ ಥರದ ಗಾಡಿಗೆ ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿ ಇರಬೇಕು. ಬೈಕಿನಲ್ಲಿ ಅಂಥವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ. ಗಾಡಿಯ ಹಿಂದೆ ಮುಂದೆ ಬಿಳಿ ಬಣ್ಣದ ಮೇಲೆ ಕೆಂಪು ‘ಎಲ್’ ಇರಬೇಕು. ಕಲಿಯುವ ಪರವಾನಗಿಗೆ ಆರು ತಿಂಗಳ ಆಯಸ್ಸು. ಸಿಕ್ಕ 30 ದಿನದ ನಂತರ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಈ ಆರು ತಿಂಗಳು ಕಳೆದದ್ದೇ ಗೊತ್ತಾಗದೆ ಮತ್ತೆ ಮೊದಲಿನಿಂದ ಶುರು ಮಾಡುವವರು ಪ್ರತಿ ಊರಲ್ಲೂ ಇದ್ದಾರೆ.

ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು ಅರ್ಧ ಸತ್ಯ. 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ, ಅದೂ ಪೋಷಕರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಸಿಗುತ್ತದೆ. ಮನೆಯಲ್ಲಿರುವ 110 ಸಿಸಿ ಸ್ಕೂಟಿ ಇದರಲ್ಲಿ ಬರುವುದಿಲ್ಲ. ಹೈಸ್ಕೂಲ್ ಹುಡುಗನ ಕೈಗೆ ಗಾಡಿ ಕೊಟ್ಟು ಅವನು ಸಿಕ್ಕಿಬಿದ್ದರೆ, 199ಎ ಕಲಂ ಪ್ರಕಾರ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ.

ದಂಡಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಇನ್ಶೂರೆನ್ಸ್. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿ ಸಾವಾದರೆ ಪರಿಹಾರದ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ಕಂಪನಿ ಮೊದಲು ಕೊಟ್ಟು, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶ ಮಾಡುತ್ತವೆ. ಮಾಲೀಕ ಯಾರು? ಎರಡು ಎಕರೆ ಹೊಲದ ಅಪ್ಪ. ಕಲಿಯುವ ಪರವಾನಗಿಯೂ ಲೈಸೆನ್ಸೇ, ಅದಿದ್ದವನು ಓಡಿಸುತ್ತಿದ್ದ ಎಂಬ ಒಂದೇ ಕಾರಣಕ್ಕೆ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬ್ರೋಕರ್ ಮಾಡಿಸಿಕೊಟ್ಟದ್ದೂ ಅದೇ ಕಾಗದ ತಾನೇ ಎಂದು ನೀವು ಕೇಳಬಹುದು. ಕಾಗದ ಅದೇ. ಕ್ರಾಸಿನಲ್ಲಿ ಬಲಗಡೆ ನೋಡಬೇಕು ಎನ್ನುವುದು ಮಾತ್ರ ಆ ಕಾಗದದ ಜೊತೆ ಬರುವುದಿಲ್ಲ.

ಹುಡುಗರನ್ನಷ್ಟೇ ಬೈದು ಪ್ರಯೋಜನವಿಲ್ಲ. ಮೊಳಕಾಲ್ಮೂರು ಕಡೆಯ ಹಳ್ಳಿಯವರಿಗೆ ಚಿತ್ರದುರ್ಗ ಎಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. ಬಸ್ ಚಾರ್ಜು, ಊಟ, ‘ಸರ್ವರ್ ಇಲ್ಲ, ನಾಳೆ ಬನ್ನಿ’. ಕೇಂದ್ರ ನಿಯಮದ ಪ್ರಕಾರ ಎಲ್‌ಎಲ್‌ಆರ್ ಶುಲ್ಕ ಒಂದು ಥರದ ಗಾಡಿಗೆ 150 ರೂಪಾಯಿ, ಪರೀಕ್ಷೆಗೆ 50. ಅದರ ಹಲವು ಪಟ್ಟು ಬ್ರೋಕರ್‌ಗೆ ಕೊಟ್ಟರೂ ಲಾಭವೇ ಎಂದು ಜನ ಲೆಕ್ಕ ಹಾಕಿದರೆ ಆ ಲೆಕ್ಕ ಸುಳ್ಳಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ಮೂಲಕ ಆನ್‌ಲೈನ್‌ನಲ್ಲೇ ಪಡೆಯಬಹುದಾದ 18 ಸೇವೆಗಳ ಪಟ್ಟಿಯಲ್ಲಿ ಎಲ್‌ಎಲ್‌ಆರ್ ಅನ್ನೂ ಸೇರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಇಂಥ ಸೌಲಭ್ಯ ಹಳ್ಳಿಗೆ ಬರುವಾಗ ಮನೆಯ ಬದಲು ಸೈಬರ್ ಸೆಂಟರ್‌ನ ಕುರ್ಚಿಯ ಮೇಲೆ ಬಂದು ಕೂರುತ್ತದೆ. ಕುರ್ಚಿಯಲ್ಲಿ ಕೂರುವವನು ಅರ್ಜಿದಾರ ಅಲ್ಲ, ಅಷ್ಟೇ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ, ಎಷ್ಟೋ ಕಡೆ ಕಂಪ್ಯೂಟರ್‌ಗಳೂ ಇವೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ರಸ್ತೆ ಚಿಹ್ನೆಗಳ ಒಂದು ದೊಡ್ಡ ಚಾರ್ಟ್ ಗೋಡೆಗೆ ಅಂಟಿಸಲು ಎಷ್ಟು ಖರ್ಚಾಗುತ್ತದೆ? ಸಾರಥಿ ವೆಬ್‌ಸೈಟ್‌ನಲ್ಲೇ ಅಣಕು ಪರೀಕ್ಷೆ ಇದೆ. ತಿಂಗಳಿಗೆ ಎರಡು ಭಾನುವಾರ ಅದನ್ನು ತೆರೆದು ಕೂರಿಸಿದರೆ ಸಾಕು. ಓದು ಬರುವ ಹುಡುಗಿಯರು ಓದು ಬಾರದ ಹಿರಿಯರಿಗೆ ಪ್ರಶ್ನೆ ಓದಿ ಅರ್ಥ ಹೇಳಲಿ, ಉತ್ತರವನ್ನು ಹಿರಿಯರೇ ಹೇಳಲಿ. ಹೀಗೆ ಹತ್ತಿಪ್ಪತ್ತು ಜನ ತಯಾರಾದರೆ, ಹೋಬಳಿಯಲ್ಲಿ ಕ್ಯಾಂಪ್ ಮಾಡಿ ಎಂದು ಆರ್‌ಟಿಒಗೆ ಪಂಚಾಯಿತಿಯಿಂದಲೇ ಪತ್ರ ಬರೆಯಬಹುದು. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ. ಪಿಡಿಒ ಸಾಹೇಬರು ನಗಬಹುದು, ಆದರೂ ಕೇಳಿ.

ಹುಡುಗಿಯರ ಮಾತು ಬಂದಿದ್ದಕ್ಕೆ ಇದೊಂದನ್ನು ಸೇರಿಸುತ್ತೇನೆ. ಆಶಾ ಕಾರ್ಯಕರ್ತೆಯರು, ಗಾರ್ಮೆಂಟ್ಸ್‌ಗೆ ಹೋಗುವವರು, ಕಾಲೇಜಿನವರು ಈಗ ಸ್ಕೂಟಿ ಓಡಿಸುತ್ತಾರೆ. ಮನೆಯ ಗಂಡಸರ ಡಿಎಲ್ ಎಂದೋ ಆಗಿರುತ್ತದೆ, ಇವರದ್ದು ‘ಊರೊಳಗೆ ತಾನೇ, ಆಮೇಲೆ ನೋಡೋಣ’ ಎಂದು ಮುಂದಕ್ಕೆ ಹೋಗುತ್ತಿರುತ್ತದೆ. ಅಕ್ಕಂದಿರೇ, ಯಾರನ್ನೂ ಕಾಯಬೇಡಿ. ಅರ್ಜಿಯಲ್ಲಿ ಭಾಷೆ ಕೇಳುವಲ್ಲಿ ಕನ್ನಡ ಆರಿಸಿ, ಸ್ವಂತ ಮೊಬೈಲ್ ನಂಬರ್ ಕೊಡಿ, ಓಟಿಪಿಯನ್ನು ಬೇರೆಯವರಿಗೆ ಹೇಳಬೇಡಿ. ಒಮ್ಮೆ ಫೇಲಾದರೆ ಮತ್ತೆ ಬರೆಯಲು ಪರೀಕ್ಷೆ ಶುಲ್ಕ ಅದೇ 50 ರೂಪಾಯಿ.