ಸೊನ್ನೆಗೆ ಮಾತ್ರ ಎಚ್ಚರಗೊಳ್ಳುವ ಡಬ್ಬಿ



ನಿಮ್ಮ ಅಜ್ಜಿ-ತಾತಂದಿರನ್ನು ಕೇಳಿದರೆ ಊರಿನ ಡಂಗುರದ ಕಥೆ ಹೇಳಿಯಾರು. ಡಂಗುರ ಎಂಬ ಮಾತು ಹೊಸದಾದರೆ, ಮರಾಠಿಯ ‘ದವಂಡಿ’ ಎಂದರೆ ನಿಮಗೆ ತಟ್ಟನೆ ತಿಳಿದೀತು. ಮೊದಲು ತಮಟೆಯ ಸದ್ದು, ಆಮೇಲೆ ಸುದ್ದಿ. ತಮಟೆ ಕೇಳಿದಾಗಲೇ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದದ್ದು. ಆ ತಮಟೆಯ ಕೆಲಸವನ್ನು ರೇಡಿಯೊದಲ್ಲಿ ಮಾಡುವ ಪುಟ್ಟ ಡಬ್ಬಿಯೊಂದರ ವಿಷಯ ಈ ಸಲ ಹೇಳುತ್ತೇನೆ. ಅದನ್ನು ನೀವೇ ಮನೆಯಲ್ಲಿ ಮಾಡಬಹುದು.

ಅಮೆರಿಕದ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಬಹುಪಾಲು ಸ್ವಯಂಸೇವಕರು. ಅಂಗಡಿಯವರು, ರೈತರು, ಮೇಷ್ಟ್ರುಗಳು. ಅವರ ಮನೆಯಲ್ಲಿ ಒಂದು ಪುಟ್ಟ ರೇಡಿಯೊ ಸುಮ್ಮನೆ ಕುಳಿತಿರುತ್ತದೆ. ಕೇಂದ್ರದಿಂದ ಒಂದು ಸ್ವರ ಸುಮಾರು ಒಂದು ಸೆಕೆಂಡು, ಅದರ ಬೆನ್ನಿಗೆ ಇನ್ನೊಂದು ಸ್ವರ ಸುಮಾರು ಮೂರು ಸೆಕೆಂಡು ಬಂದರೆ ಮಾತ್ರ ಅದು ಬಾಯಿ ತೆರೆಯುತ್ತದೆ. ಆ ಎರಡು ಸ್ವರಗಳೇ ಆ ಊರಿನ ದಳದ ಹೆಸರು ಎನ್ನಿ. ನಮ್ಮಲ್ಲಿ ಅಗ್ನಿಶಾಮಕ ದಳದವರು ಸಂಬಳದ ನೌಕರರು. 101ಕ್ಕೋ 112ಕ್ಕೋ ಫೋನ್ ಮಾಡಿದರೆ ಬರುತ್ತಾರೆ. ಹಾಗಾದರೆ ಈ ಡಬ್ಬಿ ನಮಗೇಕೆ ಎನ್ನುತ್ತೀರಾ? ಫೋನೇ ಸತ್ತ ದಿನಕ್ಕೆ.

ಅಂಥ ದಿನವನ್ನು ಮರಾಠವಾಡ ಕಂಡಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು ಸುಮಾರು 10,000 ಜನ ಸತ್ತರು. ನಾನಾಗ ಹೊಸದಾಗಿ ಮದುವೆಯಾಗಿ ಔರಂಗಾಬಾದಿಗೆ, ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಬಂದವಳು. ತವರು ಬೀದರ್, ಕಿಲ್ಲಾರಿಗೆ ದೂರವೇನಲ್ಲ. ಎಸ್‌ಟಿಡಿ ಬೂತಿನ ಮುಂದೆ ಉದ್ದ ಸಾಲು. ಬೀದರಿನ ಲೈನ್ ಸಿಕ್ಕಿ ಅಮ್ಮನ ದನಿ ಕೇಳುವಾಗ ಸಂಜೆಯಾಗಿತ್ತು. ಆ ಒಂದು ಹಗಲು ಎಷ್ಟು ಉದ್ದ ಎಂಬುದು ಮೊಬೈಲ್ ಹಿಡಿದು ಬೆಳೆದ ನಿಮಗೆ ಹೇಳಿದರೂ ತಿಳಿಯುವುದು ಕಷ್ಟ.

ಆ ಭೂಕಂಪದ ಊರುಗಳಿಂದ ಸುದ್ದಿ ಸಾಗಿಸಲು ನೆರವಾದವರಲ್ಲಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರೂ ಇದ್ದರು. 2001ರ ಗುಜರಾತ್ ಭೂಕಂಪದಲ್ಲೂ ಅವರಿದ್ದರು. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಅವರ ತಂಡ ಪೋರ್ಟ್ ಬ್ಲೇರಿನಲ್ಲೇ ಇತ್ತು. ಹೋದದ್ದು ಹವ್ಯಾಸಕ್ಕೆ, ದೂರದೂರದ ಹ್ಯಾಮ್‌ಗಳೊಡನೆ ಮಾತನಾಡಲು. ಅಲೆ ಬಡಿದ ಮೇಲೆ ಅದೇ ರೇಡಿಯೊ ಅಂಡಮಾನಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸುವ ಕೊಂಡಿಯಾಯಿತು.

ಆದರೆ ಇಲ್ಲೊಂದು ತೊಡಕಿದೆ. ರೇಡಿಯೊ ಎಷ್ಟೇ ಒಳ್ಳೆಯದಿರಲಿ, ಆರಿಸಿಟ್ಟಿದ್ದರೆ ಕರೆ ಯಾರಿಗೆ ಕೇಳೀತು? ಹಚ್ಚಿಟ್ಟರೆ ದಿನವಿಡೀ ಗೊರಗೊರ, ಯಾರದೋ ಹರಟೆ. ಎರಡನೆಯ ದಿನವೇ ಮನೆಯವರು ‘ಮೊದಲು ಅದನ್ನು ಬಂದ್ ಮಾಡು’ ಎನ್ನುತ್ತಾರೆ. ನಾನಾದರೂ ಹಾಗೇ ಅನ್ನುತ್ತಿದ್ದೆ! ಇದಕ್ಕೆ 1990ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯಾಮ್‌ಗಳು ಸರಳ ಉಪಾಯ ಮುಂದಿಟ್ಟರು. ಅದರ ಹೆಸರು ‘ಲಾಂಗ್ ಟೋನ್ ಜೀರೊ’. ಆಪತ್ತಿನಲ್ಲಿರುವವರು ಕೈರೇಡಿಯೊದ ಸೊನ್ನೆಯ ಗುಂಡಿಯನ್ನು ಕನಿಷ್ಠ ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಕೇಳುವವರ ಮನೆಯ ಡಬ್ಬಿ ಅದಕ್ಕೆ ಮಾತ್ರ ಕೂಗಬೇಕು.

ಅದೇ ಸೊನ್ನೆ ಏಕೆ ಕೆಲಸಕ್ಕೆ ಬರುತ್ತದೆ ಎಂದರೆ, ಫೋನಿನ ಪ್ರತಿಯೊಂದು ಗುಂಡಿಯೂ ಒಂದಲ್ಲ, ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಸೊನ್ನೆಗೆ 941 ಮತ್ತು 1336 ಹರ್ಟ್ಸ್. ಮಾತಿನಲ್ಲೋ ಸಿಳ್ಳಿನಲ್ಲೋ ಒಂದು ಸ್ವರ ತಾನಾಗಿ ಕೂಡಿಬಂದೀತು. ಎರಡೂ ಸರಿಯಾಗಿ ಜೊತೆಗೂಡಿ ಮೂರು ಸೆಕೆಂಡು ನಿಲ್ಲುವುದು ಬಲು ಅಪರೂಪ. ಅದರಿಂದ ಸುಳ್ಳು ಎಚ್ಚರ ಕಡಿಮೆ.

ಇಂಗ್ಲಿಷ್ ಬಿ.ಎ. ಓದಿದ ನನಗೆ ಶೇಕ್ಸ್‌ಪಿಯರ್ ಪಾಠವಾಗಿತ್ತೇ ಹೊರತು ಸರ್ಕ್ಯೂಟ್ ಆಗಿರಲಿಲ್ಲ. ಇಂಜಿನಿಯರಿಂಗ್ ಓದುವ ತಂಗಿಯ ಮಗ ನಮ್ಮ ಊಟದ ಮೇಜಿನ ಮೇಲೆ ಜೋಡಿಸಿ ತೋರಿಸಿದ್ದನ್ನೇ ನಿಮಗೆ ದಾಟಿಸುತ್ತಿದ್ದೇನೆ.

ಬೇಕಾದ ಮುಖ್ಯ ವಸ್ತು ಎಂಟಿ8870 ಎಂಬ ಚಿಪ್. ಜೊತೆಗೆ 3.579545 ಮೆಗಾಹರ್ಟ್ಸ್ ಕ್ರಿಸ್ಟಲ್. ಈ ವಿಚಿತ್ರ ಸಂಖ್ಯೆ ಅಮೆರಿಕದ ಕಲರ್ ಟಿವಿಯದು. ಆ ಟಿವಿಗಳಿಗಾಗಿ ರಾಶಿಗಟ್ಟಲೆ ತಯಾರಾಗುತ್ತಿದ್ದುದರಿಂದ ಇದು ಅಗ್ಗವಾಯಿತು. ಇನ್ನು ಕೆಲವು ರೆಸಿಸ್ಟರ್, ಕೆಪಾಸಿಟರ್, ಎಲ್‌ಇಡಿ ದೀಪ, ಬಜರ್, ಒಂದೆರಡು ಲಾಜಿಕ್ ಚಿಪ್, ಬ್ರೆಡ್‌ಬೋರ್ಡ್. ಎಲ್ಲ ಸೇರಿ ಕೆಲವು ನೂರು ರೂಪಾಯಿ. ನೀವು ಗೆಳೆಯರೆಲ್ಲ ಸೇರಿ ತಿನ್ನುವ ಒಂದು ಪಿಜ್ಜಾದ ಖರ್ಚು.

ಕೇಳಿಸಿಕೊಂಡ ಅಂಕಿಯನ್ನು ಚಿಪ್ ನಾಲ್ಕು ಕಾಲುಗಳಲ್ಲಿ ಬೈನರಿಯಾಗಿ ತೋರಿಸುತ್ತದೆ. ಸೊನ್ನೆಗೆ 1010. ಆದರೆ ಸ್ವರ ನಿಂತ ಮೇಲೂ ಹಿಂದಿನ ಅಂಕಿ ಅಲ್ಲೇ ಉಳಿದಿರುತ್ತದೆ. ಸ್ವರ ಈಗಲೂ ಬರುತ್ತಿದೆಯೇ ಎಂದು ಹೇಳುವುದು ಎಸ್‌ಟಿಡಿ ಎಂಬ ಐದನೆಯ ಕಾಲು. (ನಮ್ಮ ಕಾಲದ ಎಸ್‌ಟಿಡಿ ಬೂತಿಗೂ ಇದಕ್ಕೂ ಸಂಬಂಧವಿಲ್ಲ!) ಈ ಐದೂ ಹೊಂದಿದಾಗ ಮಾತ್ರ ಒಂದು ಕೆಪಾಸಿಟರಿಗೆ ರೆಸಿಸ್ಟರಿನ ಮೂಲಕ ವಿದ್ಯುತ್ ಹರಿಯಬೇಕು. ತೊಟ್ಟು ತೊಟ್ಟಾಗಿ ಕೊಡ ತುಂಬಿದ ಹಾಗೆ ಅದು ತುಂಬಲು ಮೂರು ಸೆಕೆಂಡು. ನಡುವೆ ಸ್ವರ ಕಡಿದರೆ ಕೊಡ ಬರಿದು. ತುಂಬಿದರೆ ಬಜರ್ ಕೂಗುತ್ತದೆ. ಪ್ರೋಗ್ರಾಮ್ ಬರೆಯಬಲ್ಲವರು ಲಾಜಿಕ್ ಚಿಪ್ ಮತ್ತು ಕೊಡದ ಬದಲು ಸಣ್ಣ ಆರ್ಡುಯಿನೊ ಬೋರ್ಡಿನಿಂದಲೇ ಇದನ್ನು ಮಾಡಬಹುದು.

ರೇಡಿಯೊದ ಇಯರ್‌ಫೋನ್ ಕಿಂಡಿಯಿಂದ ಡಬ್ಬಿಗೆ ವೈರ್ ಕೊಟ್ಟರೆ ಸ್ಪೀಕರ್ ತಾನಾಗಿಯೇ ಮೌನ. ಬಜರ್ ಕೂಗಿದಾಗ ವೈರ್ ಕಿತ್ತರೆ ಮಾತು ಕೇಳಿಸುತ್ತದೆ. ಚಿಪ್ಪಿಗೆ 5 ವೋಲ್ಟ್ ಸಾಕು. 9 ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ಕೊಡಬೇಡಿ, ಸುಟ್ಟೀತು. ರೀಚಾರ್ಜ್ ಮಾಡುವ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಪರೀಕ್ಷಿಸಲು ರೇಡಿಯೊ ಕೂಡ ಬೇಡ, ಮೊಬೈಲಿನಲ್ಲಿ ಗುಂಡಿಗಳ ಸ್ವರ ಹೊರಡಿಸಿ ಇಯರ್‌ಫೋನ್ ವೈರಿನಿಂದ ಕೊಟ್ಟರಾಯಿತು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಡಬ್ಬಿ ಮಾಡುವುದು ತಪ್ಪಲ್ಲ. ಆದರೆ ಪೊಲೀಸರ, ರೈಲ್ವೆಯ, ಅಗ್ನಿಶಾಮಕ ದಳದ ಮಾತು ಕದ್ದು ಕೇಳುವುದಕ್ಕೆ ಇದಲ್ಲ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ವಾಕಿಟಾಕಿ ತರಿಸಿ ‘ನಾನೂ ಹ್ಯಾಮ್’ ಎನ್ನಬೇಡಿ. ನಿಯಮ ಮೀರಿ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ನೋಟಿಸ್ ಕೊಟ್ಟಿತು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ಕಂಪನಾಂಕಗಳಲ್ಲೇ ಮಾತನಾಡಬೇಕು. ಪರೀಕ್ಷೆಯಲ್ಲಿ ನಿಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳು. ಓದುವ ಮಕ್ಕಳಿಗೆ ಅಂಜಿಕೆಯೇನಿಲ್ಲ.

ನಾಸಿಕದವರಿಗೆ ಸಂಕೇತ ಓದುವುದು ಹೊಸದೇನಲ್ಲ. ಗೋದಾವರಿಗೆ ನೆರೆ ಬಂದರೆ ‘ದುತೋಂಡ್ಯಾ ಮಾರುತಿಗೆ ನೀರು ಎಲ್ಲಿವರೆಗೆ ಬಂತು?’ ಎಂದು ಊರೆಲ್ಲ ಕೇಳುತ್ತದೆ. ಮೊಣಕಾಲಿಗೆ ಎಂದರೆ ಒಂದು ಅರ್ಥ, ಕತ್ತಿಗೆ ಎಂದರೆ ಇನ್ನೊಂದು. ದಡದ ಅಂಗಡಿಯವರು ಅದನ್ನು ನೋಡಿಯೇ ಸಾಮಾನು ಎತ್ತುತ್ತಾರೆ. ಆ ಸಂಕೇತದ ಅರ್ಥ ಮೊದಲೇ ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಜೀವ ಉಳಿಸುತ್ತದೆ. ಸೊನ್ನೆಯ ಸಂಕೇತವೂ ಹಾಗೇ. ಒಬ್ಬನ ಮನೆಯಲ್ಲಿ ಡಬ್ಬಿ ಇದ್ದರೆ ಆಟಿಕೆ. ನಾಲ್ಕು ಬಡಾವಣೆಗಳಲ್ಲಿ ನಾಲ್ವರು ಪರವಾನಗಿ ಪಡೆದು, ವಾರಕ್ಕೊಮ್ಮೆ ಸೊನ್ನೆ ಒತ್ತಿ, ಊರು, ಹೆಸರು, ಏನು ಬೇಕು ಎಂದು ಹೇಳುವ ಅಭ್ಯಾಸ ಮಾಡಿದರೆ ಅದು ವ್ಯವಸ್ಥೆ. 2027ರ ಸಿಂಹಸ್ಥ ಮೇಳಕ್ಕೆ ಲಕ್ಷಾಂತರ ಜನ ಬರುವ ಊರಿನಲ್ಲಿ ಇಂಥ ನಾಲ್ವರು ಹೆಚ್ಚಿದ್ದರೆ ಯಾರಿಗೂ ನಷ್ಟವಿಲ್ಲ.

ಸಂಭಾಜಿನಗರದ ಮತ್ತು ನಾಸಿಕದ ಹುಡುಗ-ಹುಡುಗಿಯರೇ, ದೀಪಾವಳಿ ರಜೆಯಲ್ಲಿ ಜೋಡಿಸಿ ನೋಡಿ. ಸೊನ್ನೆಗೆ ಕೂಗಿ, ನಕ್ಷತ್ರದ ಗುಂಡಿಗೆ ಸುಮ್ಮನಿದ್ದರೆ ನಿಮ್ಮ ಡಬ್ಬಿ ಸರಿಯಿದೆ ಎಂದು ತಿಳಿಯಿರಿ. ನಕ್ಷತ್ರದ 1011 ಸೊನ್ನೆಯ 1010ಕ್ಕೆ ತೀರ ಹತ್ತಿರ, ಕಡೆಯ ಕಾಲನ್ನು ಮರೆತರೆ ಎರಡಕ್ಕೂ ಕೂಗುತ್ತದೆ. ಮಾಡಿದವರು ಸಂಘದ ಮುಂದಿನ ಸಭೆಗೆ ತನ್ನಿ, ನಾನೇ ಸೊನ್ನೆ ಒತ್ತುತ್ತೇನೆ.