ಹಿಟ್ಲರನ ಹೊಗಳಿಕೆ ಫೆಲೆಸ್ತೀನಿನ ಸೇವೆಯಲ್ಲ

ಗಾಝಾದ ಮಕ್ಕಳ ಶವಗಳನ್ನು ಕಂಡು ನೊಂದ ಮನಸ್ಸು ಕೆಲವೊಮ್ಮೆ ಆಡಬಾರದ ಮಾತನ್ನು ಆಡಿಬಿಡುತ್ತದೆ. ‘ಹಿಟ್ಲರ್ ತನ್ನ ಕೆಲಸವನ್ನು ಪೂರ್ತಿಗೊಳಿಸಬೇಕಾಗಿತ್ತು’ ಎಂಬ ಮಾತು ಹನುಮಂತನಗರದಂತಹ ಬಡಾವಣೆಗಳ ನಮ್ಮ ಮನೆಗಳಲ್ಲೂ, ಯುವಕರ ಮೊಬೈಲುಗಳಲ್ಲೂ ಸುಳಿಯುತ್ತಿದೆ. ಹಿರಿಯರು ಕೇಳಿಯೂ ಸುಮ್ಮನಾಗುತ್ತಾರೆ. ಈ ಮೌನ ಸಲ್ಲದು.

ಆ ‘ಕೆಲಸ’ ಏನೆಂದು ತಿಳಿಯಲು ಒಂದು ದಂಪತಿಯ ಬದುಕು ಸಾಕು. ಗಣಿತದ ಸ್ನಾತಕೋತ್ತರ ತರಗತಿಯಲ್ಲಿ ನಮ್ಮ ಮಕ್ಕಳು ‘ಹೌಸ್‌ಡಾರ್ಫ್ ಸ್ಪೇಸ್’ ಎಂಬ ಪಾಠ ಓದುತ್ತಾರೆ. ಆ ಹೆಸರಿನ ಫೆಲಿಕ್ಸ್ ಹೌಸ್‌ಡಾರ್ಫ್ ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಯಹೂದಿ. 1914ರಲ್ಲಿ ಪ್ರಕಟವಾದ ಅವರ ಗ್ರಂಥ ಆಧುನಿಕ ಗಣಿತದ ಅಡಿಗಲ್ಲುಗಳಲ್ಲೊಂದು. 1899ರಲ್ಲಿ ಅವರು ಚಾರ್ಲೊಟ್ಟೆಯವರನ್ನು ವಿವಾಹವಾಗಿದ್ದರು. ಯಹೂದಿ ಮನೆತನದಲ್ಲಿ ಹುಟ್ಟಿದ ಆಕೆ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದರು. ಆದರೆ ನಾಝಿ ಕಾನೂನು ನೋಡಿದ್ದು ವಿಶ್ವಾಸವನ್ನಲ್ಲ, ರಕ್ತವನ್ನು. 1939ರಲ್ಲಿ ಹೌಸ್‌ಡಾರ್ಫ್ ಅಮೆರಿಕಕ್ಕೆ ತೆರಳಲು ಯತ್ನಿಸಿದರು; ಎಡೆ ದೊರೆಯಲಿಲ್ಲ. 1942ರ ಜನವರಿಯಲ್ಲಿ ಎಂಡೆನಿಖ್ ಶಿಬಿರಕ್ಕೆ ಹೊರಡುವಂತೆ ಆಜ್ಞೆ ಬಂತು. ಅಲ್ಲಿಂದ ಮುಂದಿನ ದಾರಿ ಪೂರ್ವದ ಮರಣ ಶಿಬಿರಗಳಿಗೆ. ಜನವರಿ 26ರಂದು ಆ ವೃದ್ಧ ದಂಪತಿ, ಚಾರ್ಲೊಟ್ಟೆಯವರ ಸಹೋದರಿ ಎಡಿತ್‌ರೊಂದಿಗೆ ತಾವೇ ಪ್ರಾಣ ತ್ಯಜಿಸಿದರು. ಫೆಲಿಕ್ಸ್‌ರಿಗೆ ಆಗ 73 ವರ್ಷ. ಎಲ್ಲ ದಾರಿಗಳನ್ನೂ ಮುಚ್ಚಿ ಸಾವಿನ ಹೊಸ್ತಿಲಿಗೆ ದೂಡಿದ ಪ್ರಭುತ್ವವೇ ಅವರ ಕೊಲೆಗಾರ. ಹೀಗೆ ಅಳಿದ ಯಹೂದಿಗಳ ಸಂಖ್ಯೆ ಸುಮಾರು 60 ಲಕ್ಷ.

ಬಾಗಿಲು ತೆರೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1933ರಲ್ಲಿ ಯಹೂದಿಯೆಂಬ ಕಾರಣಕ್ಕೆ ಹುದ್ದೆಯಿಂದ ಹೊರದೂಡಲ್ಪಟ್ಟ ವಿಜ್ಞಾನಿ ಮ್ಯಾಕ್ಸ್ ಬಾರ್ನ್, ಪತ್ನಿ ಹೆಡ್ವಿಗ್‌ರೊಂದಿಗೆ 1935-36ರಲ್ಲಿ ಸಿ.ವಿ. ರಾಮನ್‌ರ ಆಹ್ವಾನದ ಮೇರೆಗೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನೆಲೆಸಿದ್ದರು. ಇಲ್ಲಿ ಅವರಿಗೆ ಖಾಯಂ ಹುದ್ದೆ ಕೈಗೂಡಲಿಲ್ಲವಾದರೂ ಎಡಿನ್‌ಬರೋ ಕೈಹಿಡಿಯಿತು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹೌಸ್‌ಡಾರ್ಫ್ ದಂಪತಿಗೆ ಯಾರೂ ಬಾಗಿಲು ತೆರೆಯಲಿಲ್ಲ.

ಈ ವೃದ್ಧ ದಂಪತಿ ಫೆಲೆಸ್ತೀನಿಗೆ ಯಾವ ಅನ್ಯಾಯ ಮಾಡಿದ್ದರು? ಇಸ್ರೇಲ್ ಸ್ಥಾಪನೆಯಾದದ್ದು ಅವರು ಸತ್ತ ಆರು ವರ್ಷಗಳ ಬಳಿಕ, 1948ರಲ್ಲಿ. ಅಪರಾಧ ಮಾಡಿದ್ದು ಯುರೋಪ್, ಮನೆಮಠ ಕಳಕೊಂಡದ್ದು ಫೆಲೆಸ್ತೀನಿಯರು. ಆ 60 ಲಕ್ಷ ಮಂದಿಯ ಹೆಸರು ಹೇಳಿ ಗಾಝಾದ ಮೇಲಿನ ಬಾಂಬುಗಳನ್ನು ಸಮರ್ಥಿಸುವವರು ಸತ್ತವರಿಗೆ ಅಪಚಾರ ಎಸಗುತ್ತಿದ್ದಾರೆ. ಗಾಝಾದ ಹೆಸರಲ್ಲಿ ಹಿಟ್ಲರನನ್ನು ಹೊಗಳುವವರು ಮಾಡುತ್ತಿರುವುದೂ ಅದನ್ನೇ.

ಈ ಹೊಗಳಿಕೆ ನಮ್ಮನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತದೆ ಎಂಬುದನ್ನೂ ನೋಡಬೇಕು. ಯಹೂದಿಗಳನ್ನು ಹೊರದಬ್ಬಿದ ಜರ್ಮನಿಯಿಂದ ಹಿಂದೂಸ್ಥಾನ ಪಾಠ ಕಲಿಯಬೇಕೆಂದು 1939ರಲ್ಲೇ ಗೋಳ್ವಲ್ಕರ್ ಹೆಸರಿನಲ್ಲಿ ಪುಸ್ತಕ ಪ್ರಕಟವಾಯಿತು. ಆ ಪಾಠದ ಗುರಿ ಯಾರೆಂದು ನಮಗೆ ವಿವರಿಸಬೇಕಾಗಿಲ್ಲ. ಎಲ್ಲೋ ಒಬ್ಬ ಮಾಡಿದ ಕೃತ್ಯಕ್ಕೆ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ನಾವು ಪ್ರತಿಭಟಿಸುತ್ತೇವೆ. ಬಾಡಿಗೆ ಮನೆ ಕೇಳಹೋದಾಗ ಹೆಸರು ಕೇಳಿಯೇ ಬಾಗಿಲು ಮುಚ್ಚಿದರೆ ನೋಯುತ್ತೇವೆ. ಹುಟ್ಟನ್ನೇ ಅಪರಾಧವೆಂದ ಕೊಲೆಗಡುಕನಿಗೆ ಜೈಕಾರ ಹಾಕಿ, ಅದೇ ಬಾಯಿಂದ ನ್ಯಾಯ ಕೇಳುವುದು ಹೇಗೆ ಸಾಧ್ಯ?

ಫೆಲೆಸ್ತೀನಿನ ಪರ ನಾವು ಇನ್ನೂ ಗಟ್ಟಿಯಾಗಿ ಮಾತಾಡೋಣ. ಆದರೆ ಮಕ್ಕಳ ಬಾಯಲ್ಲಿ ಹಿಟ್ಲರನ ಹೊಗಳಿಕೆ ಬಂದಾಗ ತಂದೆತಾಯಿ ಅಲ್ಲೇ ತಡೆದು, ಬಾನ್ ನಗರದ ಈ ದಂಪತಿಯ ಕಥೆಯನ್ನು ಹೇಳಲಿ. ಮರ್ದಿತನ ಪರ ನಿಲ್ಲುವುದು ನ್ಯಾಯವೆಂದಾದರೆ, ಅದು ಮರ್ದಿತನ ಹೆಸರು ಕೇಳಿ ಬದಲಾಗಬಾರದು.