ನಡುಗಡ್ಡೆಯ ಮೇಲೊಂದು ಕಡ್ಡಿ

ಪರೀಕ್ಷೆ ಮುಗಿದ ಮರುದಿನವೇ ನಾಲ್ವರು ಗೆಳೆಯರಲ್ಲಿ ಪ್ರವಾಸದ ಮಾತು ಎದ್ದಿತು. ಒಬ್ಬ ರಾಮನಗರದವನು, ಒಬ್ಬ ಚನ್ನಪಟ್ಟಣದವನು, ಮತ್ತೊಬ್ಬನದು ಕನಕಪುರ, ನಾಲ್ಕನೆಯವನದು ಮಾಗಡಿ. ಒಂದೇ ಕಾಲೇಜು, ಒಂದೇ ಬೆಂಚು. ಎಲ್ಲಾದರೂ ಒಂದು ದ್ವೀಪಕ್ಕೆ ಹೋಗಬೇಕು, ಮರಳಿನ ಮೇಲೆ ಮಲಗಿ ನಕ್ಷತ್ರ ಎಣಿಸುತ್ತ ಒಂದು ರಾತ್ರಿ ಕಳೆಯಬೇಕು ಎಂಬುದು ಅವರ ಆಸೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ಕಾರವಾರದ ದೇವಬಾಗ್ ಎರಡು ದಿನದ ರಜೆಗೆ ತೀರ ದೂರ. ಕೊನೆಗೆ ಕನಕಪುರದ ಹುಡುಗನ ಸೋದರಮಾವ ದಾರಿ ತೋರಿಸಿದರು: "ಕಡಲು ಇಲ್ಲದಿದ್ದರೇನು, ಕಾವೇರಿ ಇಲ್ಲವೇ? ಗಾಳಿಬೋರೆಯ ನದಿತೀರದ ಶಿಬಿರದಲ್ಲಿ ಒಂದು ರಾತ್ರಿ ಇದ್ದು ಬನ್ನಿ." ಖರ್ಚಿನ ಅರ್ಧ ಭಾಗವನ್ನೂ ಅವರೇ ಹೊತ್ತರು.

ಮನೆಗಳಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಮಾಗಡಿಯ ಹುಡುಗನ ತಂದೆಯಂತೂ "ನೀರಿನ ಹತ್ತಿರ ಹೋಗುವುದಾದರೆ ಮನೆಯಲ್ಲೇ ಇರು" ಎಂದುಬಿಟ್ಟರು. ಮಿಕ್ಕ ಮೂವರ ಮನೆಯವರು "ಹುಷಾರು ಕಣೋ" ಎಂದರು. ಹುಷಾರು ಎಂಬುದು ಒಳ್ಳೆಯ ಮಾತು. ಆದರೆ ಯಾವುದಕ್ಕೆ ಹುಷಾರಾಗಿರಬೇಕು ಎಂಬುದನ್ನು ಆ ಮಾತು ಹೇಳುವುದಿಲ್ಲ. ಅಂತೂ ಸೋದರಮಾವನ ಮಧ್ಯಸ್ಥಿಕೆಯಿಂದ ಏಪ್ರಿಲ್ ಕೊನೆಯ ವಾರ ನಾಲ್ವರೂ ಹೊರಟರು.

ಮೊದಲು ಇಳಿದದ್ದು ಸಂಗಮದಲ್ಲಿ. ಅರ್ಕಾವತಿ ಬಂದು ಕಾವೇರಿಯನ್ನು ಸೇರುವ ಜಾಗ ಅದು. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಒಂದು ಅಣೆಕಟ್ಟೆ. ಅಲ್ಲಿಂದ ರಾಮನಗರವನ್ನು ಹಾಯ್ದು ಕನಕಪುರದ ಕಡೆಗೆ ಬಂದರೆ ಹಾರೋಬೆಲೆಯಲ್ಲಿ ಇನ್ನೊಂದು. "ನಮ್ಮ ಮೂವರ ಊರಿನ ನೀರೂ ಇಲ್ಲಿದೆ, ನಿನ್ನದೆಲ್ಲೋ?" ಎಂದು ಚನ್ನಪಟ್ಟಣದವನನ್ನು ಉಳಿದವರು ರೇಗಿಸಿದರು. ಅವನೇನೂ ಸೋಲಲಿಲ್ಲ. ಚನ್ನಪಟ್ಟಣದ ಕಣ್ವ ಹೊಳೆ ಶಿಂಷಾ ನದಿಗೆ ಸೇರುತ್ತದೆ, ಶಿಂಷಾ ಕಾವೇರಿಗೆ. ಅವನ ಊರಿನ ನೀರು ಅವರೆಲ್ಲರಿಗಿಂತ ಮೊದಲೇ ಕಾವೇರಿಯಲ್ಲಿ ಬೆರೆತು, ಸಂಗಮದವರೆಗೆ ಅದರೊಡನೆ ಬಂದಿತ್ತು. ಶಾಲೆಯ ಭೂಪಟದಲ್ಲಿ ನೀಲಿ ಗೆರೆಗಳಾಗಿ ಕಂಡದ್ದು ಕಣ್ಣೆದುರು ನೀರಾಗಿ ಕಂಡಾಗ ಪಾಠ ಮರೆಯುವುದಿಲ್ಲ.

ಸಂಜೆಯ ಹೊತ್ತಿಗೆ ಗಾಳಿಬೋರೆ ತಲುಪಿದರು. ಸಂಗಮಕ್ಕಿಂತ ಮೇಲೆ, ಕಾವೇರಿ ವನ್ಯಜೀವಿಧಾಮದೊಳಗೆ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಶಿಬಿರ ಅದು. ದಡದುದ್ದಕ್ಕೂ ಎತ್ತರದ ಮತ್ತಿಮರಗಳು, ಆಚೆ ದಡದಲ್ಲಿ ಕಾಡು. ಲೈಫ್ ಜಾಕೆಟ್ ತೊಡಿಸಿ ಹರಿಗೋಲಿನಲ್ಲಿ ಕರೆದೊಯ್ದ ಹಿರಿಯರು, ನದಿಯ ನಡುವೆ ಬೇಸಿಗೆಯಲ್ಲಿ ತಲೆಯೆತ್ತಿದ್ದ ಮರಳಿನ ನಡುಗಡ್ಡೆಯೊಂದರ ಮೇಲೆ ಹುಡುಗರನ್ನು ಇಳಿಸಿದರು. ಬಿಳಿ ಮರಳು, ಎರಡೂ ಬದಿಗೆ ನೀರು, ಮೇಲೆ ಒಂದು ಮೋಡವೂ ಇಲ್ಲದ ಆಕಾಶ. ಬಯಸಿದ್ದ ದ್ವೀಪ ಸಿಕ್ಕಿಯೇಬಿಟ್ಟಿತು!

"ಅಣ್ಣ, ರಾತ್ರಿ ಇಲ್ಲೇ ಮಲಗ್ತೀವಿ. ಬೆಳಿಗ್ಗೆ ಬಂದು ಕರ್ಕೊಂಡು ಹೋಗಿ" ಎಂದ ರಾಮನಗರದವನು. ಉಳಿದವರೂ ದನಿಗೂಡಿಸಿದರು.

ಹಿರಿಯರು ವಾದ ಮಾಡಲಿಲ್ಲ. ಮೊದಲು, ಇದೇ ಮರಳಿನ ಮೇಲೆ ಮೊಸಳೆಗಳೂ ಬಿಸಿಲು ಕಾಯುತ್ತವೆ ಎಂದರು. ಹುಡುಗರು ನಕ್ಕರು. ಆಗ ಅವರು ಒಂದು ಒಣಕಡ್ಡಿಯನ್ನು ಮುರಿದು, ನೀರು ಮರಳಿಗೆ ತಾಗುವ ಅಂಚಿನಲ್ಲಿ ಸರಿಯಾಗಿ ನೆಟ್ಟರು. "ನೋಡ್ತಾ ಇರ್ರಪ್ಪ. ಹೊತ್ತು ಮುಳುಗೋದ್ರೊಳಗೆ ಮಾತಾಡೋಣ" ಎಂದು ಹರಿಗೋಲಿನ ಪಕ್ಕ ಕುಳಿತರು.

ಮುಕ್ಕಾಲು ಗಂಟೆ ಕಳೆದಿರಬೇಕು. ಕಡ್ಡಿಯ ಸುತ್ತ ನೀರು ನಿಂತಿತ್ತು. ಅಂಚು ಕಡ್ಡಿಯನ್ನು ದಾಟಿ ಒಂದು ಗೇಣು ಒಳಗೆ ಬಂದಿತ್ತು. ಯಾರ ಕಿವಿಗೂ ಸದ್ದು ಕೇಳಿರಲಿಲ್ಲ. ಮಳೆ ಬಂದಿರಲಿಲ್ಲ, ನೀರಿನ ಬಣ್ಣವೂ ಬದಲಾಗಿರಲಿಲ್ಲ. ನಾಲ್ವರೂ ಮಾತಿಲ್ಲದೆ ಹರಿಗೋಲು ಹತ್ತಿದರು.

ಆ ನೀರು ಎಲ್ಲಿಂದ ಬಂತು? ಆಕಾಶವನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗದು. ಇಂದಿನ ಕಾವೇರಿ ಹರಿಯುವುದು ಮಳೆಯ ಲೆಕ್ಕದಲ್ಲಷ್ಟೇ ಅಲ್ಲ, ಬಾಗಿಲುಗಳ ಲೆಕ್ಕದಲ್ಲೂ ಹೌದು. ಮೇಲೆ ಕನ್ನಂಬಾಡಿ ಕಟ್ಟೆ ಇದೆ, ಕಬಿನಿ ಜಲಾಶಯ ಇದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ಕೇಂದ್ರ ಇದೆ, ಶಿಂಷಾ ವಿದ್ಯುತ್ ಕೇಂದ್ರವೂ ಇದೆ. ಊರುಗಳಲ್ಲಿ ಸಂಜೆ ದೀಪ ಹತ್ತುವ ಹೊತ್ತಿಗೆ ವಿದ್ಯುತ್ತಿನ ಬೇಡಿಕೆ ಏರುತ್ತದೆ. ಜಲವಿದ್ಯುತ್ ಕೇಂದ್ರದಲ್ಲಿ ಉತ್ಪಾದನೆ ಹೆಚ್ಚಿಸಬೇಕಾದರೆ ಯಂತ್ರಗಳಿಗೆ ಹೆಚ್ಚು ನೀರು ಬಿಡಬೇಕು. ಆ ನೀರು ಯಂತ್ರ ತಿರುಗಿಸಿ ಮತ್ತೆ ನದಿಗೇ ಬೀಳುತ್ತದೆ. ಅಣೆಕಟ್ಟೆಯ ಬಾಗಿಲು ತೆರೆದರೂ ಅಷ್ಟೇ. ಅಲ್ಲಿ ಬಿಟ್ಟ ನೀರು ಕೆಳಗಿನ ಕಾಡಿಗೆ ಗಂಟೆಗಳ ನಂತರವೋ ದಿನಗಳ ನಂತರವೋ ಬರುತ್ತದೆ. ಬರುವಾಗ ರಾತ್ರಿಯಾಗಿರಬಹುದು, ದಡದಲ್ಲಿ ಯಾರೋ ಮಲಗಿರಬಹುದು. ನೀರಿಗೆ ಅದು ಗೊತ್ತಿಲ್ಲ.

ಇನ್ನು ನಡುಗಡ್ಡೆಯ ವಿಚಾರ. ಹರಿವಿನ ವೇಗ ತಗ್ಗಿದ ಕಡೆ ನದಿ ತಾನು ಹೊತ್ತು ತಂದ ಮರಳನ್ನು ಇಳಿಸುತ್ತದೆ. ಹೀಗೆ ಇಳಿಸಿದ ರಾಶಿಯೇ ಮರಳಿನ ನಡುಗಡ್ಡೆ. ಅದರ ಕೆಳಗೆ ಅಡಿಪಾಯವಿಲ್ಲ. ವೇಗ ಹೆಚ್ಚಿದರೆ, ನೀರು ಇಟ್ಟದ್ದನ್ನು ನೀರೇ ಎತ್ತಿಕೊಂಡು ಹೋಗುತ್ತದೆ. ಎರಡೂ ಬದಿಯ ಹರಿವು ಒಟ್ಟಿಗೆ ಏರುವುದರಿಂದ, ಎಚ್ಚರವಾಗುವ ಹೊತ್ತಿಗೆ ದಡಕ್ಕೆ ದಾರಿಯೇ ಇರುವುದಿಲ್ಲ.

ಇದು ಬರೀ ಹೆದರಿಸುವ ಮಾತಲ್ಲ. 2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಗೆ ಇಳಿದಿದ್ದ, ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದಾಗ, ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಅವರನ್ನು ಮುಟ್ಟಿತ್ತು. ಗಣಿತ, ವಿಜ್ಞಾನಗಳನ್ನು ಓದಿದ ಮಕ್ಕಳೇ ಅವರೂ. ಅವರಿಗೆ ಆ ಕ್ಷಣದಲ್ಲಿ ಬೇಕಿದ್ದದ್ದು ಒಂದೇ ಒಂದು ತಿಳಿವಳಿಕೆ: ಈ ನದಿಯ ಮೇಲ್ಗಡೆ ಏನಿದೆ?

"ನನಗೆ ಈಜು ಬರುತ್ತದೆ" ಎನ್ನುವವರು ಇಷ್ಟನ್ನು ನೆನಪಿಡಬೇಕು. ಒಂದು ಘನ ಮೀಟರ್ ನೀರಿನ ತೂಕ ಸಾವಿರ ಕಿಲೋಗ್ರಾಂ. ಹರಿಯುವ ನೀರು ಅಡ್ಡ ನಿಂತವನನ್ನು ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಅತ್ತ ತಳ್ಳುವ ಬಲ ಏರುತ್ತಿದ್ದರೆ, ಇತ್ತ ಕಾಲಿನ ಹಿಡಿತ ಸಡಿಲವಾಗುತ್ತಿರುತ್ತದೆ. ಸೊಂಟದ ಮಟ್ಟ ನೀರಿನಲ್ಲಿ ನಿಂತವನ ಪಾದದ ಮೇಲೆ ಬೀಳುವುದು ಅವನ ತೂಕದ ಸುಮಾರು ಅರ್ಧ ಮಾತ್ರ. ಮಿಕ್ಕದ್ದನ್ನು ನೀರು ಎತ್ತಿ ಹಿಡಿದಿರುತ್ತದೆ. ಆರ್ಕಿಮಿಡೀಸನ ತತ್ವವನ್ನು ಎರಡು ಅಂಕಕ್ಕೆ ಬರೆದವರು ಅದನ್ನು ನದಿಯಲ್ಲಿ ಮರೆಯಬಾರದು.

ಮರುದಿನ ಬೆಳಿಗ್ಗೆ ಹುಡುಗರು ದಡಕ್ಕೆ ಓಡಿ ನೋಡಿದರು. ನಡುಗಡ್ಡೆ ಪೂರ್ತಿ ಮುಳುಗಿರಲಿಲ್ಲ, ಆದರೆ ಸಂಜೆ ಕಂಡದ್ದರ ಅರ್ಧವೂ ಉಳಿದಿರಲಿಲ್ಲ. ತಾವು ಹಾಸಿಗೆ ಬಿಡಿಸಬೇಕೆಂದಿದ್ದ ಜಾಗದ ಮೇಲೆ ನೀರು ತಣ್ಣಗೆ ಹರಿಯುತ್ತಿತ್ತು. ಕಡ್ಡಿಯ ಸುಳಿವೇ ಇಲ್ಲ. ಚನ್ನಪಟ್ಟಣದವನು ಅಂದು ತಿಂಡಿ ಸರಿಯಾಗಿ ತಿನ್ನಲಿಲ್ಲ.

ಹಿಂದಿರುಗುವಾಗ ಮೇಕೆದಾಟು ನೋಡಿದರು. ಅಗಲವಾಗಿ ಹರಡಿಕೊಂಡು ಬಂದ ಕಾವೇರಿ ಅಲ್ಲಿ ಕಲ್ಲಿನ ಇಕ್ಕಟ್ಟಿಗೆ ನುಗ್ಗುತ್ತದೆ. ಬರುವ ನೀರು ಅಷ್ಟೇ, ಹಾದುಹೋಗುವ ಬಾಯಿ ಮಾತ್ರ ಕಿರಿದು. ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೀರು ದೂರ ಚಿಮ್ಮುವುದನ್ನು ಯಾರು ಕಂಡಿಲ್ಲ? ಇಲ್ಲಿ ಚಿಮ್ಮುವ ಬದಲು ಆಳಕ್ಕೆ ಕೊರೆದು ಸುಳಿಯಾಗುತ್ತದೆ. ನೀರಿನಲ್ಲಿ ಗಿರಗಿರನೆ ತಿರುಗುವ ಕಲ್ಲುಗಳು ಬಂಡೆಯಲ್ಲಿ ಗುಂಡಿಗಳನ್ನೇ ತೋಡಿವೆ. ಸಂಗಮ, ಮೇಕೆದಾಟಿನ ನೀರಿಗೆ ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅವರಲ್ಲಿ ಹೆಚ್ಚಿನವರು ಯುವಕರು. ಈ ಸಲ ಬಂಡೆಯ ಅಂಚಿಗೆ ಹೋಗೋಣ ಎಂದು ಯಾರೂ ಹೇಳಲಿಲ್ಲ.

ತಂದೆತಾಯಂದಿರು ಇಲ್ಲಿ ಗಮನಿಸಬೇಕಾದ್ದು ಒಂದಿದೆ. "ಹೋಗಬೇಡ" ಎಂದರೆ ಮಕ್ಕಳು ಹೇಳದೆ ಹೋಗುತ್ತಾರೆ. "ಹುಷಾರು" ಎಂದರೆ ತಲೆಯಾಡಿಸಿ ಹೋಗುತ್ತಾರೆ. ಅದರ ಬದಲು ನಾಲ್ಕು ಪ್ರಶ್ನೆ ಕೇಳಿ ಕಳುಹಿಸಿ. ಅಲ್ಲಿಯ ನೀರಿನ ಮೇಲ್ಗಡೆ ಅಣೆಕಟ್ಟೆಯಾಗಲಿ ವಿದ್ಯುತ್ ಕೇಂದ್ರವಾಗಲಿ ಇದೆಯೇ? ಸ್ಥಳೀಯರು ಎಲ್ಲಿ ಇಳಿಯುತ್ತಾರೆ, ಎಲ್ಲಿ ಇಳಿಯುವುದಿಲ್ಲ? ಮಲಗುವ ಜಾಗ ದಡದ ಮೇಲಿದೆಯೇ? ನೀರು ಏರಿದರೆ ಓಡುವ ದಾರಿ ಯಾವುದು? ಈ ಉತ್ತರಗಳನ್ನು ಹುಡುಕಿಕೊಂಡ ಹುಡುಗ ಅರ್ಧ ಪಾರಾದಂತೆ. ಇನ್ನರ್ಧಕ್ಕೆ ಒಂದು ಒಣಕಡ್ಡಿ ಸಾಕು. ಅಂಚಿನಲ್ಲಿ ನೆಟ್ಟು, ಆಗಾಗ ನೋಡುತ್ತಿರಬೇಕು. ಕಡ್ಡಿ ನೀರೊಳಗೆ ಹೋದರೆ ಚರ್ಚೆ ಬೇಡ, ಎದ್ದು ಮೇಲೆ ಬರಬೇಕು.

ಮಾಗಡಿಯ ಹುಡುಗ ರಾತ್ರಿ ಊಟಕ್ಕೆ ಕುಳಿತಾಗ ಕಡ್ಡಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ. ನಡುಗಡ್ಡೆಯಲ್ಲಿ ಮಲಗಲು ಹೊರಟಿದ್ದನ್ನೂ ಬಿಡಲಿಲ್ಲ. ಬೈಗುಳ ಬೀಳುತ್ತದೆಂದು ತಾಯಿ ತಟ್ಟೆ ಹಿಡಿದು ನಿಂತಿದ್ದರು. ತಂದೆ ತುಸು ಹೊತ್ತು ಸುಮ್ಮನಿದ್ದು, ನಂತರ ಕೇಳಿದರು: "ಆ ಹರಿಗೋಲಿನವರ ಊರು ಯಾವುದಂತೆ? ಮುಂದಿನ ಸಲ ಹೋಗುವಾಗ ನನಗೂ ಹೇಳು, ನಾನೂ ಬರ್ತೀನಿ."